ಮಗನ ನೌಕರಿ, ಅಪ್ಪನ ಇಡುಗಂಟು

ಹಣಕಾಸಿನ ಬಗ್ಗೆ ಓದುಗರು ಕಳಿಸುವ ಪ್ರಶ್ನೆಗಳಿಗೆ ಉತ್ತರಿಸುವ ಈ ಅಂಕಣಕ್ಕೆ ಈ ಬಾರಿ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳು ಒಂದೇ ಕಂಪನಿಯ ಷೇರಿಗೆ ಸಂಬಂಧಿಸಿವೆ. ಕಂಪನಿ ಇನ್ಫೊಸಿಸ್. ಆದ್ದರಿಂದ ನಾಲ್ಕಕ್ಕೂ ಒಟ್ಟಿಗೇ ಉತ್ತರಿಸುತ್ತಿದ್ದೇನೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಬೇಕಾಯಿತು.

ಪ್ರಶ್ನೆ: ನಾನು ಕಳೆದ ವರ್ಷ ಪ್ರೌಢಶಾಲೆಯ ಶಿಕ್ಷಕನಾಗಿ ನಿವೃತ್ತನಾದೆ. ಗ್ರಾಚ್ಯುಟಿ, ಪಿಂಚಣಿ ಪರಿವರ್ತನೆ, ಗಳಿಕೆ ರಜೆಯ ಹಣ ಎಲ್ಲ ಸೇರಿ ಬಂದದ್ದರಲ್ಲಿ ಕೈಸಾಲ ತೀರಿಸಿದ ಮೇಲೆ 22 ಲಕ್ಷ ರೂಪಾಯಿ ಉಳಿದಿದೆ. ಪಿಂಚಣಿಯಲ್ಲಿ ನಮ್ಮಿಬ್ಬರ ಸಂಸಾರ ನಡೆಯುತ್ತದೆ. ಮಗಳ ಮದುವೆಯನ್ನು ಎರಡು ವರ್ಷದೊಳಗೆ ಮಾಡಬೇಕು. ಮಗ ಒಂಬತ್ತು ವರ್ಷಗಳಿಂದ ಇನ್ಫೊಸಿಸ್‌ನಲ್ಲಿದ್ದಾನೆ. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡಿದ್ದು, ಆ ಸಾಲಕ್ಕೆ ನಾನೂ ಸಹಿ ಹಾಕಿದ್ದೇನೆ. ಕಂಪನಿ ಅವನಿಗೆ ಸ್ವಲ್ಪ ಷೇರುಗಳನ್ನೂ ಕೊಟ್ಟಿದೆ. 1993ರಲ್ಲಿ ನೂರು ಷೇರು ಕೊಂಡವರ ಬಳಿ ಈಗ ಲಕ್ಷಕ್ಕೂ ಮೀರಿ ಷೇರುಗಳಿವೆ ಎಂದು ಸ್ನೇಹಿತರು ಹೇಳುತ್ತಾರೆ. ಬ್ಯಾಂಕಿನ ಬಡ್ಡಿ ಸಾಲದು ಎನಿಸುತ್ತಿದೆ. ಮಗನನ್ನು ಕೇಳಿ 12 ಲಕ್ಷವನ್ನು ಈ ಕಂಪನಿಯ ಷೇರಿಗೆ ಹಾಕೋಣವೆಂದಿದ್ದೇನೆ. ಸರಿಯೇ?
— ನಿವೃತ್ತ ಶಿಕ್ಷಕರು, ವಿದ್ಯಾನಗರ, ದಾವಣಗೆರೆ

ಉತ್ತರ: ಮೇಷ್ಟ್ರೇ, ನಿಮ್ಮ ಸ್ನೇಹಿತರು ಹೇಳಿದ ಲೆಕ್ಕ ಸುಳ್ಳಲ್ಲ. 1981ರಲ್ಲಿ ಪುಣೆಯಲ್ಲಿ ಏಳು ಜನ ಎಂಜಿನಿಯರುಗಳು ಹತ್ತು ಸಾವಿರ ರೂಪಾಯಿ ಬಂಡವಾಳದಿಂದ ಆರಂಭಿಸಿ, 1983ರಲ್ಲಿ ಬೆಂಗಳೂರಿಗೆ ತಂದ ಈ ಕಂಪನಿ 1993ರಲ್ಲಿ ಸಾರ್ವಜನಿಕರಿಗೆ ಷೇರು ನೀಡಿದಾಗ ಬೆಲೆ 95 ರೂಪಾಯಿ ಇತ್ತು. ನೂರು ಷೇರಿಗೆ 9,500 ರೂಪಾಯಿ. 1994, 1997 ಮತ್ತು 1999ರಲ್ಲಿ ಒಂದಕ್ಕೊಂದು ಬೋನಸ್ ಬಂತು, ಅಂದರೆ ಕೈಯಲ್ಲಿದ್ದ ಪ್ರತಿ ಷೇರಿಗೆ ಇನ್ನೊಂದು ಷೇರು ಉಚಿತವಾಗಿ. 2000ದಲ್ಲಿ 10 ರೂಪಾಯಿ ಮುಖಬೆಲೆಯ ಷೇರು 5 ರೂಪಾಯಿಯ ಎರಡು ಷೇರಾಯಿತು. 2004ರಲ್ಲಿ ಒಂದಕ್ಕೆ ಮೂರು, 2006, 2014, 2015 ಮತ್ತು 2018ರಲ್ಲಿ ಮತ್ತೆ ಒಂದಕ್ಕೊಂದು. ಗುಣಿಸುತ್ತಾ ಹೋದರೆ ನೂರು ಷೇರು 1,02,400 ಆಗುತ್ತದೆ.

ಆದರೆ ಈ ಕಥೆಯನ್ನು ಹೇಳುವವರು ಎರಡು ಸಂಗತಿಗಳನ್ನು ಬಿಟ್ಟುಬಿಡುತ್ತಾರೆ. ಮೊದಲನೆಯದು, 1993ರಲ್ಲಿ ಆ ಷೇರುಗಳು ಪೂರ್ತಿ ಬಿಕರಿಯಾಗಲೇ ಇಲ್ಲ. ಜನ ಕೊಳ್ಳದೆ ಉಳಿದ ಪಾಲನ್ನು ಅಮೆರಿಕದ ಹೂಡಿಕೆ ಬ್ಯಾಂಕ್ ಮಾರ್ಗನ್ ಸ್ಟಾನ್ಲಿ ತೆಗೆದುಕೊಂಡಿತು. ಎರಡನೆಯದು, ಕೊಂಡವರಲ್ಲಿ ಕೊನೆಯವರೆಗೆ ಉಳಿದವರು ಕಡಿಮೆ. 2000ದ ಮಾರ್ಚ್‌ನಲ್ಲಿ ತಂತ್ರಜ್ಞಾನ ಷೇರುಗಳ ಉಬ್ಬರ ತುದಿ ಮುಟ್ಟಿದ ಮೇಲೆ ಒಂದೂವರೆ ವರ್ಷದಲ್ಲಿ ಇದರ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕರಗಿತು, ಹಿಂದಿನ ಎತ್ತರವನ್ನು ಮತ್ತೆ ಕಾಣಲು ಹಲವು ವರ್ಷಗಳೇ ಹಿಡಿದವು. 2013ರ ಏಪ್ರಿಲ್ 12ರಂದು ಫಲಿತಾಂಶ ನಿರೀಕ್ಷೆಯಂತೆ ಬಾರದಿದ್ದಾಗ ಒಂದೇ ದಿನದಲ್ಲಿ ಬೆಲೆ ಶೇ 21ರಷ್ಟು ಬಿತ್ತು. ಅಂಥದೊಂದು ದಿನ ನಿಮ್ಮ 12 ಲಕ್ಷ ಬೆಳಿಗ್ಗೆಯಿಂದ ಸಂಜೆಯೊಳಗೆ ಒಂಬತ್ತೂವರೆ ಲಕ್ಷಕ್ಕೆ ಬಂದು ನಿಲ್ಲುತ್ತದೆ. ಮದುವೆಗೆ ಛತ್ರ ಗೊತ್ತುಮಾಡಿ ಮುಂಗಡ ಕೊಟ್ಟ ವಾರವೇ ಅದು ಬಂದರೆ ನೀವು ಕಾಯುವ ಸ್ಥಿತಿಯಲ್ಲಿ ಇರುವುದಿಲ್ಲ, ಬಿದ್ದ ಬೆಲೆಗೇ ಮಾರಬೇಕಾಗುತ್ತದೆ.

ಇಷ್ಟನ್ನು ಯಾವ ಷೇರಿನ ಬಗ್ಗೆಯಾದರೂ ಹೇಳಬಹುದು. ನಿಮ್ಮ ಪತ್ರವನ್ನು ನಾನು ಎರಡನೇ ಸಲ ಓದಲು ಕಾರಣ ಬೇರೆ. ನಿಮ್ಮ ಮಗನ ಸಂಬಳ ಆ ಕಂಪನಿಯದು, ಅವನ ಕೈಯಲ್ಲಿರುವ ಷೇರು ಅದರದೇ, ಫ್ಲ್ಯಾಟಿನ ಕಂತು ಕಟ್ಟುತ್ತಿರುವುದು ಆ ಸಂಬಳದಿಂದ, ಆ ಕಂತು ನಿಂತರೆ ಬ್ಯಾಂಕಿನವರು ಬರುವುದು ಸಹಿ ಹಾಕಿದ ನಿಮ್ಮ ಬಳಿಗೆ. ಈಗ ನಿಮ್ಮ ಇಡುಗಂಟಿನ ಅರ್ಧಕ್ಕಿಂತ ಹೆಚ್ಚನ್ನೂ ತಂದು ಅದೇ ಗೂಟಕ್ಕೆ ಕಟ್ಟಲು ಹೊರಟಿದ್ದೀರಿ.

ದಾವಣಗೆರೆಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ನಮ್ಮದು. ನನ್ನ ತಂದೆ ಇಲ್ಲಿನ ಒಂದು ಹತ್ತಿ ಗಿರಣಿಯಲ್ಲಿ ನೂಲುವ ವಿಭಾಗದಲ್ಲಿದ್ದರು. ರಾತ್ರಿ ಪಾಳಿ ಮುಗಿಸಿ ಬಂದಾಗ ಅವರ ಹುಬ್ಬಿನ ಮೇಲೆಲ್ಲ ಹತ್ತಿಯ ಎಳೆ ಕೂತಿರುತ್ತಿತ್ತು. ಗಿರಣಿಯವರು ಬ್ಯಾಂಕಿಗಿಂತ ಹೆಚ್ಚಿನ ಬಡ್ಡಿ ಕೊಡುತ್ತೇವೆಂದು ಕಾರ್ಮಿಕರಿಂದಲೇ ಠೇವಣಿ ಪಡೆಯುತ್ತಿದ್ದರು. ಅಪ್ಪ ಉಳಿಸಿದ್ದೆಲ್ಲವನ್ನೂ ಅಲ್ಲೇ ಇಟ್ಟರು. ಮನೆಯ ಮುಂದಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟಿದ್ದು ಕೂಡ ಅದೇ ಗಿರಣಿಯ ಇಬ್ಬರು ಕೆಲಸಗಾರರಿಗೆ. ಗಿರಣಿ ಬಾಗಿಲು ಹಾಕಿದ ತಿಂಗಳು ಸಂಬಳ ನಿಂತಿತು, ಬಾಡಿಗೆ ನಿಂತಿತು, ಠೇವಣಿ ಬರಲೇ ಇಲ್ಲ. ರೆವಿನ್ಯೂ ಸ್ಟ್ಯಾಂಪ್ ಹಚ್ಚಿದ, ಗುಲಾಬಿ ಬಣ್ಣದ ಆ ಠೇವಣಿ ರಸೀದಿ ನಮ್ಮ ಟ್ರಂಕಿನ ತಳದಲ್ಲಿ ಇನ್ನೂ ಇದೆ. ಅಪ್ಪ ದುಂದುಗಾರರಾಗಿರಲಿಲ್ಲ, ಜೂಜುಕೋರರಂತೂ ಅಲ್ಲವೇ ಅಲ್ಲ. ತನಗೆ ಚೆನ್ನಾಗಿ ಗೊತ್ತಿದ್ದ ಜಾಗದಲ್ಲೇ ಹಣ ಇಟ್ಟಿದ್ದರು, ಅಷ್ಟೇ.

ಇನ್ಫೊಸಿಸ್ ಆ ಗಿರಣಿಯಂತೆ ಮುಚ್ಚಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅದು ಹೇಳಿಕೊಳ್ಳುವಂಥ ಸಾಲವಿಲ್ಲದ, 2024–25ರಲ್ಲಿ 1,62,990 ಕೋಟಿ ರೂಪಾಯಿ ವರಮಾನದ ಮೇಲೆ 26,713 ಕೋಟಿ ಲಾಭ ಗಳಿಸಿದ ಗಟ್ಟಿ ಕಂಪನಿ. ಆದರೆ ಅದರ ವರಮಾನದ ಅರ್ಧಕ್ಕಿಂತ ಹೆಚ್ಚು ಪಾಲು ಉತ್ತರ ಅಮೆರಿಕದಿಂದ ಬರುತ್ತದೆ. ಅಲ್ಲಿನ ಬ್ಯಾಂಕುಗಳು ಮತ್ತು ದೊಡ್ಡ ಮಳಿಗೆಗಳು ಕಂಪ್ಯೂಟರ್ ಕೆಲಸಕ್ಕೆ ತೆಗೆದಿಡುವ ಹಣ ಕಡಿಮೆ ಮಾಡಿದರೆ, ಅದರ ಪೆಟ್ಟು ಷೇರಿನ ಬೆಲೆಗೂ ನೌಕರರ ಸಂಬಳದ ಹೆಚ್ಚಳಕ್ಕೂ ಒಟ್ಟಿಗೇ ಬೀಳುತ್ತದೆ. 2023–24ರಲ್ಲಿ ಆದದ್ದು ಇದೇ. ಆ ವರ್ಷ, ಡಾಲರ್ ದರದ ಏರಿಳಿತವನ್ನು ಬದಿಗಿಟ್ಟು ನೋಡಿದರೆ, ವರಮಾನ ಬೆಳೆದದ್ದು ಶೇ 1.4 ಮಾತ್ರ, ಅದೇ ವರ್ಷ ಕಂಪನಿಯ ನೌಕರರ ಸಂಖ್ಯೆ ಸುಮಾರು 26,000ದಷ್ಟು ಇಳಿಯಿತು. ಮಗನಿಗೆ ಕಷ್ಟ ಬಂದ ದಿನ ಅಪ್ಪನ ಗಂಟು ಆಸರೆಯಾಗಬೇಕು. ಎರಡೂ ಒಂದೇ ಕಡೆ ಇದ್ದರೆ ಆ ದಿನ ಗಂಟೂ ಬಡವಾಗಿರುತ್ತದೆ.

ಇನ್ನೊಂದು ವಿಷಯವನ್ನು ಮಗನ ಬಳಿ ಇಂದೇ ಕೇಳಿ ತಿಳಿಯಿರಿ. ಕಂಪನಿಯ ಒಳಗಿನ, ಇನ್ನೂ ಹೊರಬೀಳದ ಮಾಹಿತಿ ಸಿಗುವ ಹುದ್ದೆಗಳಲ್ಲಿರುವವರನ್ನು ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯ 2015ರ ನಿಯಮಗಳ ಪ್ರಕಾರ ಪಟ್ಟಿ ಮಾಡಿರುತ್ತಾರೆ. ಅಂಥವರಿಗೆ ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ಷೇರು ಕೊಳ್ಳುವುದು, ಮಾರುವುದು ನಿಷಿದ್ಧ. ಅವರನ್ನು ಕೇಳಿ ಷೇರು ವ್ಯವಹಾರ ಮಾಡುವ ತಂದೆ ತಾಯಿಗೂ ಇದು ಅನ್ವಯಿಸುತ್ತದೆ. ‘ಮಗನನ್ನು ಕೇಳಿ’ ಎಂದು ನೀವೇ ಬರೆದಿದ್ದೀರಿ. ಅವನು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಈ ಬಂಧನವಿಲ್ಲ. ಇದ್ದರೆ, ನಿಮ್ಮ ಒಂದು ಖರೀದಿ ಅವನ ನೌಕರಿಗೆ ಕುತ್ತಾಗಬಹುದು.

ಹಾಗಾದರೆ ಏನು ಮಾಡಬೇಕು? ಮದುವೆಯ ಹಣವನ್ನು ಮೊದಲು ಎತ್ತಿ ಬ್ಯಾಂಕಿನ ಠೇವಣಿಯಲ್ಲಿಡಿ. ಅದನ್ನು ಷೇರಿನ ಲೆಕ್ಕಕ್ಕೇ ತರಬೇಡಿ. ಉಳಿದುದರ ದೊಡ್ಡ ಪಾಲು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹೋಗಲಿ. ಈಚಿನ ವರ್ಷಗಳಲ್ಲಿ ಅದರ ಬಡ್ಡಿ ಶೇ 8.2 ಇದೆ; ಹಣ ಇಟ್ಟ ದಿನದ ದರವೇ ಐದು ವರ್ಷ ನಡೆಯುತ್ತದೆ. 12 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 24,600 ರೂಪಾಯಿ ಕೈಗೆ ಬರುತ್ತದೆ. ಅದೇ 12 ಲಕ್ಷಕ್ಕೆ, ಷೇರಿಗೆ 1,600 ರೂಪಾಯಿ ಎಂದು ಹಿಡಿದರೆ, 750 ಷೇರು ಬರುತ್ತವೆ. 2024–25ರ ಲಾಭಾಂಶ ಷೇರಿಗೆ 43 ರೂಪಾಯಿಯಂತೆ ವರ್ಷಕ್ಕೆ 32,250 ರೂಪಾಯಿ. ಬ್ಯಾಂಕಿನ ಬಡ್ಡಿ ಸಾಲದೆಂದು ಹೊರಟ ನಿಮಗೆ ಈ ವ್ಯತ್ಯಾಸ ಗೊತ್ತಿರಬೇಕು. ಷೇರಿನಿಂದ ನೀವು ಕೊಳ್ಳುವುದು ನಾಳಿನ ಬೆಳವಣಿಗೆಯ ನಿರೀಕ್ಷೆಯನ್ನು. ಇಂದಿನ ಆದಾಯಕ್ಕೆ ಅದು ಸರಿಯಾದ ಜಾಗವಲ್ಲ.

ಷೇರಿನ ಆಸೆ ತಪ್ಪೆಂದು ನಾನು ಹೇಳುವುದಿಲ್ಲ. ಪಿಂಚಣಿ ಇರುವ ನಿಮಗೆ ಏಳೆಂಟು ವರ್ಷ ಮುಟ್ಟದೆ ಇಡಬಲ್ಲ ನಾಲ್ಕು ಲಕ್ಷ ಇದ್ದರೆ, ಅದನ್ನು ದೇಶದ ಐವತ್ತು ದೊಡ್ಡ ಕಂಪನಿಗಳ ಷೇರು ಬೆಲೆಯನ್ನು ಅಳೆಯುವ ನಿಫ್ಟಿ 50 ಸೂಚ್ಯಂಕವನ್ನು ಅನುಸರಿಸುವ ಮ್ಯೂಚುವಲ್ ಫಂಡಿಗೆ ತಿಂಗಳ ಕಂತಿನಲ್ಲಿ, ಒಂದೂವರೆ ವರ್ಷ ಹರಡಿ ಹಾಕಿ. ಆ ಐವತ್ತು ಕಂಪನಿಗಳಲ್ಲಿ ಇನ್ಫೊಸಿಸ್ ಕೂಡ ಇದೆ. ಅದರ ಏಳಿಗೆಯಲ್ಲಿ ನಿಮಗೊಂದು ಸಣ್ಣ ಪಾಲು ಹೇಗೂ ಸಿಗುತ್ತದೆ. ಮಗನಿಗೆ ಕೊಟ್ಟಿರುವ ಷೇರುಗಳನ್ನೂ ಸೇರಿಸಿದರೆ ನಿಮ್ಮ ಕುಟುಂಬಕ್ಕೆ ಆ ಕಂಪನಿ ಅಷ್ಟು ಸಾಕು. ಇನ್ನು, ಆ ಫ್ಲ್ಯಾಟಿನ ಸಾಲಕ್ಕೆ ಮಗ ಅವಧಿ ವಿಮೆ (ಟರ್ಮ್ ಇನ್ಶೂರೆನ್ಸ್) ಮಾಡಿಸಿದ್ದಾನೆಯೇ ಎಂಬುದನ್ನು ಷೇರಿಗಿಂತ ಮೊದಲು ಕೇಳಿ.

ಪ್ರಶ್ನೆ: ಅಡಿಕೆ ಮಾರಿದ ಹಣದಲ್ಲಿ ಎರಡು ಲಕ್ಷವನ್ನು ಐದಾರು ವರ್ಷದ ಮಟ್ಟಿಗೆ ಇನ್ಫೊಸಿಸ್ ಷೇರಿಗೆ ಹಾಕಬೇಕೆಂದಿದ್ದೇನೆ. ಬೆಲೆ ಇಳಿದಾಗ ಕೊಳ್ಳಿ ಎನ್ನುತ್ತಾರೆ. ಇಳಿದಿದೆ ಎಂದು ತಿಳಿಯುವುದು ಹೇಗೆ?
— ಅಡಿಕೆ ಬೆಳೆಗಾರರು, ಚನ್ನಗಿರಿ ತಾಲ್ಲೂಕು

ಉತ್ತರ: ನೀವು ತೋಟ ಕೊಳ್ಳುವಾಗ ನೋಡುವುದನ್ನೇ ಇಲ್ಲೂ ನೋಡಿ. ಮಾರುವವನು ಎಕರೆಗೆ ಒಂದು ಬೆಲೆ ಹೇಳಿದರೆ, ಆ ಎಕರೆ ವರ್ಷಕ್ಕೆ ಎಷ್ಟಕ್ಕೆ ಚೇಣಿ (ಫಸಲಿನ ಗುತ್ತಿಗೆ) ಹೋಗುತ್ತದೆ ಎಂದು ಕೇಳಿ, ಎಷ್ಟು ವರ್ಷದ ಚೇಣಿ ಸೇರಿದರೆ ಆ ಬೆಲೆ ಆಗುತ್ತದೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತೀರಿ. ಷೇರಿನಲ್ಲಿ ಚೇಣಿಯ ಜಾಗದಲ್ಲಿ ಇರುವುದು ಪ್ರತಿ ಷೇರಿನ ಗಳಿಕೆ. 2024–25ರಲ್ಲಿ ಇನ್ಫೊಸಿಸ್‌ನ ಪ್ರತಿ ಷೇರಿನ ಗಳಿಕೆ ಸುಮಾರು 64 ರೂಪಾಯಿ. 1,600 ರೂಪಾಯಿಗೆ ಕೊಂಡರೆ 25 ವರ್ಷದ ಗಳಿಕೆಯನ್ನು ಮುಂಗಡವಾಗಿ ಕೊಟ್ಟಂತೆ. 1,280ಕ್ಕೆ ಸಿಕ್ಕರೆ 20 ವರ್ಷದ್ದು. ನಿನ್ನೆಗಿಂತ ಐವತ್ತು ರೂಪಾಯಿ ಕಡಿಮೆಯಾಯಿತು ಎಂಬುದರಿಂದ ಏನೂ ತಿಳಿಯುವುದಿಲ್ಲ. ಎಷ್ಟು ಪಟ್ಟು ಕೊಡುತ್ತಿದ್ದೇನೆ, ಆ ಗಳಿಕೆ ಎಷ್ಟು ವೇಗದಲ್ಲಿ ಬೆಳೆಯುತ್ತಿದೆ ಎಂಬ ಎರಡನ್ನು ಒಟ್ಟಿಗೆ ನೋಡಬೇಕು. ವರಮಾನ ಶೇ 15ರಂತೆ ಬೆಳೆಯುವ ವರ್ಷಗಳಲ್ಲಿ 25 ಪಟ್ಟು ಒಪ್ಪಬಹುದಾದ ಬೆಲೆ. 2024–25ರಂತೆ ಶೇ 4.2ರಷ್ಟು ಬೆಳೆಯುವಾಗ ಅದೇ ಬೆಲೆ ದುಬಾರಿ ಎಂಬುದು ನನ್ನ ಅಭಿಪ್ರಾಯ.

ಬೆಲೆ ಏಕೆ ಇಳಿಯಿತು ಎಂಬುದು ಇನ್ನೂ ಮುಖ್ಯ. ಮಾರುವವನಿಗೆ ಹಣದ ಅವಸರವಿದ್ದು ತೋಟ ಅಗ್ಗಕ್ಕೆ ಬಂದರೆ ಅದು ನಿಮ್ಮ ಅದೃಷ್ಟ. ಕೊಳವೆಬಾವಿ ಬತ್ತಿ ಮರ ಒಣಗುತ್ತಿದ್ದರೆ ಎಷ್ಟು ಅಗ್ಗವಾದರೂ ನೀವು ಅತ್ತ ಹೋಗುವುದಿಲ್ಲ. ಇಡೀ ಷೇರುಪೇಟೆಯೇ ಹೆದರಿ ಬಿದ್ದಾಗ ಇದೂ ಬಿದ್ದರೆ ಮೊದಲನೆಯ ಬಗೆ. ಬೆಳವಣಿಗೆಯ ಅಂದಾಜನ್ನು ಕಂಪನಿಯೇ ತಗ್ಗಿಸಿದ್ದರಿಂದ ಬಿದ್ದರೆ ಎರಡನೆಯ ಬಗೆಯೇ ಎಂದು ಅನುಮಾನಿಸಿ, ಒಂದೆರಡು ತ್ರೈಮಾಸಿಕ ಕಾಯಿರಿ. ಕಂಪನಿ ಏಪ್ರಿಲ್, ಜುಲೈ, ಅಕ್ಟೋಬರ್ ಮತ್ತು ಜನವರಿಯಲ್ಲಿ ಫಲಿತಾಂಶ ಪ್ರಕಟಿಸುತ್ತದೆ. ಅದರಲ್ಲಿ ಸ್ಥಿರ ವಿನಿಮಯ ದರದಲ್ಲಿ (ಡಾಲರ್ ದರದ ಏರಿಳಿತ ಬದಿಗಿಟ್ಟು) ವರಮಾನದ ಬೆಳವಣಿಗೆ, ಕಾರ್ಯಾಚರಣೆಯ ಲಾಭದ ಪ್ರಮಾಣ (ಈಚೆಗೆ ಇದು ಶೇ 21ರ ಆಸುಪಾಸಿನಲ್ಲಿದೆ), ಹೊಸದಾಗಿ ಸಿಕ್ಕ ದೊಡ್ಡ ಗುತ್ತಿಗೆಗಳು ಎಂಬ ಮೂರನ್ನು ಓದಿದರೆ ಸಾಕು. ಕೃತಕ ಬುದ್ಧಿಮತ್ತೆ ಬಂದ ಮೇಲೆ, ಮೊದಲು ಹತ್ತು ಜನ ಮಾಡುತ್ತಿದ್ದ ಕೋಡಿಂಗ್ ಕೆಲಸಕ್ಕೆ ಹತ್ತು ಜನರ ಶುಲ್ಕ ಕೊಡಲು ಗ್ರಾಹಕರು ಒಪ್ಪುತ್ತಾರೆಯೇ ಎಂಬ ಪ್ರಶ್ನೆಗೂ ಉತ್ತರ ನಿಧಾನವಾಗಿ ಇದೇ ಅಂಕಿಗಳಲ್ಲಿ ಕಾಣಿಸುತ್ತದೆ.

ಎರಡು ಲಕ್ಷವನ್ನು ಒಂದೇ ದಿನ ಹಾಕದೆ ನಾಲ್ಕು ಫಲಿತಾಂಶಗಳ ನಂತರ ಐವತ್ತು ಐವತ್ತು ಸಾವಿರದಂತೆ ಕೊಳ್ಳಿ. ವರ್ಷ ಕಳೆದ ಮೇಲೆ ಮಾರಿದರೆ, ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷ ರೂಪಾಯಿಗೆ ಮೀರಿದ ಲಾಭಕ್ಕೆ ಶೇ 12.5 ತೆರಿಗೆ, ವರ್ಷದೊಳಗೆ ಮಾರಿದರೆ ಶೇ 20. ಕೃಷಿ ಆದಾಯದ ವಿನಾಯಿತಿ ಇದಕ್ಕೆ ಇಲ್ಲ. ಅಡಿಕೆ ಹಣದಿಂದ ಕೊಂಡದ್ದು ಎಂಬ ಕಾರಣಕ್ಕೆ ಲಾಭವೂ ತೆರಿಗೆಮುಕ್ತ ಎಂದು ನಂಬಿದ ಬೆಳೆಗಾರರನ್ನು ಕಂಡಿದ್ದೇನೆ, ಅದಕ್ಕಾಗಿ ಈ ಮಾತು.

ಪ್ರಶ್ನೆ: ಫಲಿತಾಂಶದ ಹಿಂದಿನ ದಿನ ಇನ್ಫೊಸಿಸ್ ಆಪ್ಷನ್ ಕೊಂಡು ಮರುದಿನ ಮಾರಿದರೆ ಒಳ್ಳೆಯ ಲಾಭ ಎಂದು ಟೆಲಿಗ್ರಾಂ ಗುಂಪಿನಲ್ಲಿ ಹೇಳಿಕೊಡುತ್ತಿದ್ದಾರೆ. ಮೊದಲ ಸಲ ಆರು ಸಾವಿರ ಬಂತು. ಎಣ್ಣೆ ಗಿರಣಿಯಲ್ಲಿ ಲೆಕ್ಕ ಬರೆಯುವ ನಾನು ಇದನ್ನು ಮುಂದುವರಿಸಬಹುದೇ?
— ಯುವ ಓದುಗ, ಚಳ್ಳಕೆರೆ

ಉತ್ತರ: ಬೇಡ ತಮ್ಮಾ. ಆಪ್ಷನ್ ಎಂದರೆ ಗೊತ್ತುಪಡಿಸಿದ ಬೆಲೆಗೆ ಷೇರು ಕೊಳ್ಳುವ ಇಲ್ಲವೇ ಮಾರುವ, ಅವಧಿ ಮುಗಿಯುವ ಹಕ್ಕು, ಷೇರಿನಂತೆ ಇಟ್ಟುಕೊಂಡು ಕಾಯುವ ವಸ್ತುವಲ್ಲ. ಫಲಿತಾಂಶದ ಹಿಂದಿನ ದಿನ, ನಾಳೆ ಬೆಲೆ ಅಲ್ಲಾಡುತ್ತದೆ ಎಂದು ಎಲ್ಲರಿಗೂ ಗೊತ್ತಿರುವುದರಿಂದ ಆಪ್ಷನ್‌ನ ಬೆಲೆಯೇ ಉಬ್ಬಿರುತ್ತದೆ. ಫಲಿತಾಂಶ ಬಂದ ಕೂಡಲೇ ಆ ಉಬ್ಬು ಇಳಿಯುತ್ತದೆ. ಷೇರು ನೀವು ಎಣಿಸಿದ ದಿಕ್ಕಿಗೇ ಹೋದರೂ ಸಾಕಷ್ಟು ದೂರ ಹೋಗದಿದ್ದರೆ ನಿಮಗೆ ನಷ್ಟ. 2021–22ರಿಂದ 2023–24ರವರೆಗಿನ ಮೂರು ವರ್ಷಗಳ ವ್ಯವಹಾರವನ್ನು ಸೆಬಿ ಪರಿಶೀಲಿಸಿ 2024ರ ಸೆಪ್ಟೆಂಬರ್‌ನಲ್ಲಿ ವರದಿ ನೀಡಿತು. ಫ್ಯೂಚರ್ಸ್ (ಮುಂದಿನ ದಿನದ ವ್ಯವಹಾರಕ್ಕೆ ಈಗಲೇ ಬೆಲೆ ಗೊತ್ತುಮಾಡುವ ಒಪ್ಪಂದ) ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93ರಷ್ಟು ಜನ ಹಣ ಕಳೆದುಕೊಂಡಿದ್ದರು. ಖರ್ಚು ಸೇರಿ ಸರಾಸರಿ ನಷ್ಟ ತಲಾ ಸುಮಾರು ಎರಡು ಲಕ್ಷ. ಗಿರಣಿಯ ಖಾತೆ ಪುಸ್ತಕದಲ್ಲಿ ನೂರರಲ್ಲಿ ತೊಂಬತ್ತಮೂರು ಸಾರಿ ನಷ್ಟ ತೋರಿಸುವ ಬಾಬ್ತನ್ನು ಕಂಡರೆ ನೀವೇ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತೀರಿ. ಆ ಆರು ಸಾವಿರವನ್ನು ಬ್ಯಾಂಕಿಗೆ ತಂದುಕೊಳ್ಳಿ, ಗುಂಪಿನಿಂದ ಹೊರಬನ್ನಿ. ಅಲ್ಲಿಯ ಯಾರಾದರೂ ತಮ್ಮ ಖಾತೆಗೆ ಹಣ ಹಾಕಿ ಎಂದು ಕೇಳಿ, ನೀವು ಈಗಾಗಲೇ ಹಾಕಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ.

ಪ್ರಶ್ನೆ: ನಮ್ಮ ಯಜಮಾನರು ತೀರಿಕೊಂಡು ಮೂರು ವರ್ಷವಾಯಿತು. ಎಲ್‌ಐಸಿ ಕಾಗದಗಳ ಕಡತದಲ್ಲಿ ಇನ್ಫೊಸಿಸ್‌ನ 10 ಷೇರುಗಳ ಪತ್ರ ಸಿಕ್ಕಿದೆ. ಮುಖಬೆಲೆ 10 ರೂಪಾಯಿ, ವರ್ಷ 1998. ಒಬ್ಬರು ಇದನ್ನು ಬಿಡಿಸಿಕೊಡಲು ಕಾಲುಭಾಗ ಕೇಳುತ್ತಿದ್ದಾರೆ. ಇದಕ್ಕೆ ಬೆಲೆ ಇದೆಯೇ?
— ಗೃಹಿಣಿ, ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಉತ್ತರ: ತಾಯಿ, ಆ ವ್ಯಕ್ತಿಗೆ ಒಂದು ಕಾಗದಕ್ಕೂ ಸಹಿ ಹಾಕಿಕೊಡಬೇಡಿ. ನಿಮ್ಮ ಯಜಮಾನರು ಆ ಷೇರುಗಳನ್ನು ಮಾರದೆ ಉಳಿಸಿದ್ದರೆ, ಮೇಲೆ ಹೇಳಿದ ಬೋನಸ್ ಮತ್ತು ಮುಖಬೆಲೆ ವಿಭಜನೆಗಳ ಪ್ರಕಾರ ಆ ಹತ್ತು 1999ರಲ್ಲಿ 20, 2000ದಲ್ಲಿ 40, 2004ರಲ್ಲಿ 160, 2006ರಲ್ಲಿ 320, 2014ರಲ್ಲಿ 640, 2015ರಲ್ಲಿ 1,280, 2018ರಲ್ಲಿ 2,560 ಆಗಿರಬೇಕು. ಬೋನಸ್ ಪತ್ರಗಳು ಅಂಚೆಯಲ್ಲಿ ಬಂದು ಕಳೆದುಹೋಗಿರಬಹುದು. ಪತ್ರ ಕಳೆದರೂ ಷೇರು ಕಳೆಯುವುದಿಲ್ಲ, ಅದು ಕಂಪನಿಯ ದಾಖಲೆಯಲ್ಲಿ ನಿಮ್ಮ ಯಜಮಾನರ ಹೆಸರಿನಲ್ಲೇ ಇರುತ್ತದೆ. ಕಾಲುಭಾಗ ಎಂದರೆ 640 ಷೇರು. ಅವರು ಕೇಳುತ್ತಿರುವುದು ಎಷ್ಟು ದೊಡ್ಡ ಮೊತ್ತ ಎಂಬುದು ನಿಮಗೆ ತಿಳಿದಿರಲಿ.

ಲಾಭಾಂಶವನ್ನು ಸತತ ಏಳು ವರ್ಷ ಯಾರೂ ಪಡೆಯದಿದ್ದರೆ ಆ ಹಣವೂ ಷೇರುಗಳೂ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ (ಐಇಪಿಎಫ್) ಹೋಗುತ್ತವೆ. ಹಾಗೆ ಹೋಗಿದ್ದರೂ ವಾರಸುದಾರರು ಮರಳಿ ಪಡೆಯಬಹುದು. ಮೊದಲ ಕೆಲಸ, ಪತ್ರದ ಮೇಲಿರುವ ಫೋಲಿಯೊ (ಷೇರುದಾರರ ಖಾತೆ) ಸಂಖ್ಯೆ ಬರೆದು, ಮರಣ ಪ್ರಮಾಣಪತ್ರದ ನಕಲು ಇಟ್ಟು, ಕಂಪನಿಯ ಷೇರು ದಾಖಲೆಗಳನ್ನು ನೋಡಿಕೊಳ್ಳುವ ಕೆಫಿನ್ ಟೆಕ್ನಾಲಜೀಸ್‌ಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಕಳಿಸುವುದು. ಈ ಫೋಲಿಯೊದಲ್ಲಿ ಈಗ ಎಷ್ಟು ಷೇರುಗಳಿವೆ, ಅವು ನಿಧಿಗೆ ಹೋಗಿವೆಯೇ, ವರ್ಗಾವಣೆಗೆ ಯಾವ ದಾಖಲೆಗಳು ಬೇಕು ಎಂಬ ಮೂರನ್ನೇ ಕೇಳಿ. ಉತ್ತರ ಬರುವಷ್ಟರಲ್ಲಿ ನಿಮ್ಮ ಹೆಸರಿನಲ್ಲಿ, ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಡಿಮ್ಯಾಟ್ ಖಾತೆ ತೆರೆಯಿರಿ. 2019ರ ಏಪ್ರಿಲ್‌ನಿಂದ ಷೇರುಗಳನ್ನು ಕಾಗದದ ರೂಪದಲ್ಲಿ ಮಾರಲು ಅವಕಾಶವಿಲ್ಲ.

ಕಾಗದದ ಷೇರುಗಳ ಬೆಲೆ ಐದು ಲಕ್ಷದೊಳಗಿದ್ದರೆ ವಾರಸುದಾರರಿಗೆ ಸರಳ ವಿಧಾನವಿದೆ. ನಿಮ್ಮದು ಅದನ್ನು ಮೀರುವ ಸಾಧ್ಯತೆ ಇರುವುದರಿಂದ ಉಯಿಲು ಇಲ್ಲದಿದ್ದರೆ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರಕ್ಕೆ ಸಿದ್ಧರಾಗಿರಿ. ಅದಕ್ಕೆ ಚಿತ್ರದುರ್ಗದ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ವಕೀಲರ ಶುಲ್ಕವನ್ನು ಷೇರಿನ ಪಾಲಾಗಿ ಒಪ್ಪದೆ ರೂಪಾಯಿಯಲ್ಲಿ ಮೊದಲೇ ಮಾತನಾಡಿ. ಮಕ್ಕಳ ಒಪ್ಪಿಗೆ ಬೇಕಾಗುತ್ತದೆ, ಅವರೊಂದಿಗೆ ಕೂತು ಈ ಲೆಕ್ಕವನ್ನು ತೋರಿಸಿ. ಷೇರುಗಳು ನಿಧಿಗೆ ಹೋಗಿದ್ದರೆ, ಕಂಪನಿಯಿಂದ ಹಕ್ಕಿನ ಪತ್ರ ಪಡೆದ ನಂತರ ಐಇಪಿಎಫ್–5 ಎಂಬ ಅರ್ಜಿಯನ್ನು ಅಂತರ್ಜಾಲದಲ್ಲಿ ತುಂಬಬೇಕು; ಆ ಅರ್ಜಿಗೆ ಸರ್ಕಾರ ಶುಲ್ಕ ಪಡೆಯುವುದಿಲ್ಲ.

ಕೈಯಲ್ಲಿರುವ ಮೂಲ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ಮಡಿಕೆಯಲ್ಲಿ ಹರಿದಿದ್ದರೂ ಟೇಪು ಅಂಟಿಸಬೇಡಿ. ಎರಡೂ ಬದಿಯ ಜೆರಾಕ್ಸ್ ತೆಗೆಸಿ, ಮೂಲವನ್ನು ಕೆಫಿನ್‌ನವರು ಬರೆದು ಕೇಳುವವರೆಗೆ ಮನೆಯಲ್ಲೇ ಇಡಿ.